ಏರ್ ಪಿಸ್ತೂಲ್ ಟ್ಯೂನಿಂಗ್‌ಗೆ ಕೊಡೋ ಮುಂಚೆ ಇದನ್ನ ಓದಿ

10 ಮೀಟರ್ ಏರ್ ಪಿಸ್ತೂಲ್ ಹೊಡೆಯೋರು, ಅದ್ರಲ್ಲೂ ಈಗಷ್ಟೇ ಸ್ವಂತ ಪಿಸ್ತೂಲ್ ತಗೊಂಡು ಸ್ವಲ್ಪ ಟ್ಯೂನ್ ಮಾಡ್ಸಿದ್ರೆ ಸ್ಕೋರ್ ಏರುತ್ತೆ ಅಂದ್ಕೊಂಡಿರೋರು ಓದ್ಲೇಬೇಕು ಇದನ್ನ. ನಾನು ಒಬ್ಬ ಪಿಸ್ತೂಲ್ ರಿಪೇರಿಯವನಿಗೆ ಕೊಟ್ಟಿದ್ದು ಗ್ರಿಪ್, ಅಂದ್ರೆ ಕೈಯಲ್ಲಿ ಹಿಡಿಯೋ ಮರದ ಹಿಡಿ, ಅದರ ಕೆಲ್ಸಕ್ಕೆ ಮಾತ್ರ. ಹೆಬ್ಬೆರಳಿನ ಬುಡದಲ್ಲಿ ಮರ ಒತ್ತುತ್ತಿತ್ತು, ಅಲ್ಲಿ ಒಂಚೂರು ಕೆರೆದು ಕೊಡಿ ಅಂದಿದ್ದೆ, ಅಷ್ಟೇ. ತಗೊಳಕ್ಕೆ ಹೋದಾಗ ಆ ಪುಣ್ಯಾತ್ಮ "ಟ್ರಿಗರ್‌ನೂ ಪಾಲಿಶ್ ಮಾಡಿದೀನಿ, ಸ್ಪೀಡೂ ಏರಿಸಿದೀನಿ, ಬೆಣ್ಣೆ ಥರ ಇದೆ ನೋಡಿ" ಅಂತ ಹಲ್ಲು ಬಿಟ್ಟ. ಯಾರು ಕೇಳಿದ್ರು ಅವನನ್ನ? ಕೇಳದೇ ಇದ್ದ ಕೆಲ್ಸಕ್ಕೆ ದುಡ್ಡೂ ಸೇರ್ಸಿ ತಗೊಂಡ ಬೇರೆ.

ಮೋಸ ಏನಂದ್ರೆ ಶುರುನಲ್ಲಿ ಚೆನ್ನಾಗೇ ಇರುತ್ತೆ. ಟ್ರಿಗರ್ ಹಗುರ, ಬೆರಳು ಮುಟ್ಟಿದ್ರೆ ಸಾಕು. ಆಮೇಲಾಮೇಲೆ ಇನ್ನೂ ಹಗುರ ಆಗ್ತಾ ಹೋಯ್ತು, ನಾನು ಯಾವ ಸ್ಕ್ರೂನೂ ಮುಟ್ಟಿಲ್ಲ. ಒಳಗಡೆ ಸಿಯರ್ ಅಂತ ಒಂದು ಚಿಕ್ಕ ಕೊಕ್ಕೆ ಇರುತ್ತಲ್ಲ, ಹ್ಯಾಮರ್‌ನ (ಬಡಿದು ಗಾಳಿ ಬಿಡಿಸೋ ಭಾಗ) ಹಿಡ್ಕೊಂಡಿರೋದು, ಅದರ ಮೇಲ್ಮೈಯನ್ನ ಫ್ಯಾಕ್ಟರಿನಲ್ಲಿ ಗಟ್ಟಿ ಮಾಡಿರ್ತಾರೆ, ಆ ಗಟ್ಟಿ ಪದರ ತೀರಾ ತೆಳು. ಇವನು ಮೆಷಿನ್ ಹಿಡಿದು ಉಜ್ಜಿ ಅದನ್ನೇ ತೆಗೆದಿದಾನೆ. ಕೆಳಗಿರೋ ಮೆತ್ತನೆ ಲೋಹ ಒಂದೊಂದು ಶಾಟ್‌ಗೂ ಸವೀತಾ ಅಂಚು ಉರುಟಾಗಿ, ಕೊನೆಗೆ ಹಿಡಿತಾನೇ ಇರಲ್ಲ.

ಹಿಡಿಲಿಲ್ಲ ಕೂಡ. ಪ್ರಾಕ್ಟೀಸ್‌ನಲ್ಲಿ ಪೆಲೆಟ್ (ಸಣ್ಣ ಗುಂಡು) ಹಾಕಿ ಲೋಡಿಂಗ್ ಲಿವರ್ ಮುಚ್ತಿದೀನಿ, ಬೆರಳು ಟ್ರಿಗರ್ ಹತ್ರಾನೂ ಇಲ್ಲ, ಟಪ್ ಅಂತ ಹಾರಿ ಟೇಬಲ್ ಮುಂದಿನ ನೆಲಕ್ಕೆ ಬಡೀತು. ನಳಿಗೆ ಟಾರ್ಗೆಟ್ ಕಡೆಗೇ ಇದ್ದಿದ್ದಕ್ಕೆ ಯಾರಿಗೂ ಏನೂ ಆಗ್ಲಿಲ್ಲ. ಪಕ್ಕದ ಲೇನ್‌ನವರು ನನ್ನನ್ನ ನೋಡಿದ ನೋಟ ಇದ್ಯಲ್ಲ, ಬೇಡ ಬಿಡಿ.

ಆಮೇಲೆ ಮ್ಯಾಚ್‌ನಲ್ಲಿ ಎಕ್ವಿಪ್‌ಮೆಂಟ್ ಕಂಟ್ರೋಲ್, ಅಂದ್ರೆ ಪಿಸ್ತೂಲ್ ರೂಲ್ ಪ್ರಕಾರ ಇದ್ಯಾ ಅಂತ ನೋಡೋ ತಪಾಸಣೆ. ಆ ಹೊತ್ತಿಗೆ ಸ್ಕ್ರೂ ತಿರುಗಿಸಿ ಭಾರ ಏರಿಸ್ಕೊಂಡೇ ಹೋಗಿದ್ದೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ರೂಲ್ ಪ್ರಕಾರ ಏರ್ ಪಿಸ್ತೂಲ್‌ಗೆ ಟ್ರಿಗರ್ ಭಾರ ಕನಿಷ್ಠ 500 ಗ್ರಾಂ ಇರ್ಬೇಕು. ನಳಿಗೆ ನೆಟ್ಟಗೆ ಮೇಲಕ್ಕೆ ಮಾಡಿ, ಟ್ರಿಗರ್‌ಗೆ ತೂಕ ಸಿಕ್ಕಿಸಿ, ನಿಧಾನಕ್ಕೆ ಎತ್ತುತ್ತಾರೆ. ತೂಕ ಮೇಜು ಬಿಟ್ಟು ಪೂರ್ತಿ ಮೇಲೆ ಬಂದು ನಿಲ್ಲಬೇಕು. ನಂದು ಎತ್ತೋ ಮೊದ್ಲೇ ಕ್ಲಿಕ್. ಮೂರು ಅವಕಾಶ ಕೊಡ್ತಾರೆ, ಮೂರೂ ಹೋಯ್ತು. ಮನೇಲಿ ಸ್ಪ್ರಿಂಗ್ ತಕ್ಕಡಿನಲ್ಲಿ ಎಳೆದು ನೋಡಿದಾಗ ಸರಿಯಾಗೇ ತೋರ್ಸಿತ್ತು, ಅದನ್ನ ನಂಬಬೇಡಿ, ತೂಕದ ಬಿಲ್ಲೆನೇ ನೇತು ಹಾಕಿ ನೋಡ್ಬೇಕು. ಮ್ಯಾಚ್‌ಗೆ ಮುಂಚೆ ಆಗಿದ್ದಕ್ಕೆ ರಿಪೇರಿ ಮಾಡ್ಸ್ಕೊಂಡು ಬನ್ನಿ ಅಂದ್ರು, ಮ್ಯಾಚ್ ಆದ್ಮೇಲೆ ಮಾಡೋ ಚೆಕ್‌ನಲ್ಲಿ ಹೀಗಾಗಿದ್ರೆ ಸೀದಾ ಡಿಸ್‌ಕ್ವಾಲಿಫೈ, 60 ಶಾಟ್ ಹೊಡೆದಿದ್ದೂ ನೀರಲ್ಲಿ ಹೋಮ.

ಅದೇ ದಿನ ಬಾಕ್ಸ್‌ನಲ್ಲೂ ಸಿಕ್ಕಾಕೊಂಡ್ತು. ಪಿಸ್ತೂಲ್ 420, 200, 50 ಮಿಲಿಮೀಟರ್ ಅಳತೆಯ ಡಬ್ಬಿ ಒಳಗೆ ಕೂರಬೇಕು ತಾನೆ, ಇವನು ಅಂಗೈ ಕೆಳಗಿನ ಆಸರೆಗೆ ಪುಟ್ಟಿ ಮೆತ್ತಿ ದಪ್ಪ ಮಾಡಿದ್ದ, 50ರಲ್ಲಿ ಹಿಡೀಲಿಲ್ಲ. ಅದು ಮರಳು ಕಾಗದದಲ್ಲಿ ಅಲ್ಲೇ ಮುಗೀತು. ಪುಟ್ಟಿ ಉಜ್ಜಿದ್ರೆ ಹೋಗುತ್ತೆ, ಮರ ಜಾಸ್ತಿ ಕೆರೆದ್ರೂ ತುಂಬ್ಕೋಬಹುದು. ಸಿಯರ್ ಹಾಗಲ್ಲ.

ಇನ್ನು ಸ್ಪೀಡ್ ಕಥೆ. ಈ ಪಿಸ್ತೂಲ್‌ಗಳಲ್ಲಿ ಪೆಲೆಟ್ ಹೋಗೋದೇ ಸೆಕೆಂಡಿಗೆ 150 ಮೀಟರ್ ಆಸುಪಾಸು, 10 ಮೀಟರ್‌ನಲ್ಲಿ ಪೇಪರ್ ಮೇಲೆ ರಂಧ್ರ ಮಾಡಕ್ಕೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು ಹೇಳಿ? ಸ್ಪೀಡ್ ಅಳೆಯೋ ಕ್ರೋನೋಗ್ರಾಫ್ ಮುಂದೆ ಹೊಡೆದು ನೋಡಿದ್ರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ತಾಳಮೇಳ ಇಲ್ಲ. ಕ್ಲ್ಯಾಂಪ್‌ಗೆ ಕಟ್ಟಿ ಹೊಡೆದ್ರೂ, ಅಂದ್ರೆ ನನ್ನ ಕೈ ನಡುವೆ ಬರದೇ ಇದ್ರೂ, ಗ್ರೂಪ್, ಅಂದ್ರೆ ರಂಧ್ರಗಳ ಗುಂಪು, ಮೊದಲಿಗಿಂತ ಅಗಲ. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ ಇರೋದೇ 11.5 ಮಿಲಿಮೀಟರ್, ಅಲ್ಲಿ ಪಿಸ್ತೂಲೇ ಹೀಗೆ ಚೆಲ್ಲಾಡಿದ್ರೆ ನಾವು ಉಸಿರು ಹಿಡಿದು ಏನು ಪ್ರಯೋಜನ. ಆ ಪೇಪರ್ ತಗೊಂಡೋಗಿ ಮುಖದ ಮುಂದೆ ಹಿಡಿದ್ರೆ "ನಿಮ್ಮ ಕೈ ನಡುಗುತ್ತೆ" ಅಂತಾನೆ, ಕ್ಲ್ಯಾಂಪ್‌ಗೆ ಎಲ್ಲಿದೆ ಕೈ?

ಕೊನೆಗೆ ಟ್ರಿಗರ್ ಭಾಗಗಳನ್ನ ಕಂಪನಿಯಿಂದಾನೇ ತರ್ಸಿ, ಆ ಮಾಡೆಲ್ ಬಲ್ಲವರ ಹತ್ರ ಹಾಕ್ಸಿ, ಸ್ಪೀಡ್ ಮೊದಲಿನಂಗೆ ಮಾಡ್ಸಿದ್ದಾಯ್ತು. ಅಂದಹಾಗೆ ಟ್ರಿಗರ್ ಹಗುರ ಭಾರ ಮಾಡಕ್ಕೆ, ಎಲ್ಲಿ ನಿಲ್ಲಬೇಕು ಅಂತ ಹೊಂದಿಸಕ್ಕೆ ಮ್ಯಾಚ್ ಪಿಸ್ತೂಲ್‌ನಲ್ಲಿ ಸ್ಕ್ರೂಗಳು ಇದ್ದೇ ಇರುತ್ತೆ, ಮ್ಯಾನ್ಯುಯಲ್ ನೋಡ್ಕೊಂಡು ಅವನ್ನ ತಿರುಗಿಸಿ ಸಾಕು, ಉಜ್ಜೋದು ಕೊರೆಯೋದು ಯಾವುದೂ ಬೇಕಿಲ್ಲ. ಗ್ರಿಪ್ ಕೆಲ್ಸ ಇದ್ರೆ ಗ್ರಿಪ್ ಬಿಚ್ಚಿ ಅದೊಂದನ್ನೇ ಕೊಡಿ, ಪಿಸ್ತೂಲ್ ಮನೇಲೇ ಇರ್ಲಿ. ಕೈ ಅಳತೆ ನೋಡ್ಬೇಕು, ಪೂರ್ತಿ ಪಿಸ್ತೂಲೇ ಬೇಕು ಅಂದ್ರೆ ಜೊತೆಗೆ ನಿಂತು ಮಾಡ್ಸಿ. ಬಿಟ್ಟು ಬರೋ ಹಾಗಿದ್ರೆ ಏನು ಮಾಡ್ಬೇಕು ಅನ್ನೋದನ್ನ ಚೀಟಿನಲ್ಲಿ ಬರೆದು ಅವನ ಸಹಿ ಹಾಕ್ಸ್ಕೊಳ್ಳಿ, ವಾಪಸ್ ತಗೊಳೋವಾಗ ಅವನ ಎದುರಿಗೇ ತೂಕ ನೇತು ಹಾಕಿ ಎತ್ತಿ ನೋಡಿ, ನಿಂತ್ರೆ ದುಡ್ಡು ಕೊಡಿ.