ಫೈರ್‌ವಾಲ್ ಡಿಸ್ಕ್ ಗ್ರಾಫ್ ಹಸಿರಾಗಿದೆ ಅಂತ ನಂಬಿ ಕೂರಬೇಡಿ

ಆಫೀಸಿನ ಫೈರ್‌ವಾಲನ್ನು ಎಸ್‌ಎನ್‌ಎಂಪಿಯಲ್ಲಿ (ನೆಟ್‌ವರ್ಕ್ ಸಾಧನಗಳ ಸ್ಥಿತಿಯನ್ನು ದೂರದಿಂದಲೇ ಕೇಳಿ ತಿಳಿಯುವ ವಿಧಾನ) ಮಾನಿಟರ್ ಮಾಡುತ್ತಿದ್ದರೆ, ಆ ಡಿಸ್ಕ್ ಗ್ರಾಫ್ ಯಾವ ಪಾರ್ಟಿಷನ್‌ದು, ಅಂದರೆ ಡಿಸ್ಕಿನ ಯಾವ ಭಾಗದ್ದು ಅಂತ ಇವತ್ತೇ ನೋಡಿ. ನಮ್ಮಲ್ಲಿ ಸೆಟಪ್ ಮಾಡಿಕೊಟ್ಟ ಕಂಪನಿಯವರು ಸಿಸ್ಟಂ ಇರುವ ರೂಟ್ ಪಾರ್ಟಿಷನ್ ಒಂದನ್ನೇ ಸೇರಿಸಿ ಕೈತೊಳೆದುಕೊಂಡಿದ್ದರು. ಗ್ರಾಫ್ ಹಸಿರಾಗಿಯೇ ಇತ್ತು, ಲಾಗ್ (ಏನೇನು ನಡೆಯಿತು ಎಂಬ ದಾಖಲೆ) ಬರೆಯುವ ಪಾರ್ಟಿಷನ್ ಪೂರ್ತಿ ತುಂಬಿತ್ತು.

ಫೈರ್‌ವಾಲ್ ಕೆಟ್ಟು ನಿಂತಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಇಂಟರ್ನೆಟ್ ನಡೆಯುತ್ತಲೇ ಇತ್ತು, ಹಾಗಾಗಿ ಯಾರೂ ದೂರಲಿಲ್ಲ. ಲಾಗ್ ಬರೆಯುವುದು ಮಾತ್ರ ನಿಂತಿತ್ತು. ಫೈರ್‌ವಾಲಿನ ಹೊಸ ಪಾಲಿಸಿ (ಯಾವ ಟ್ರಾಫಿಕ್ ಬಿಡಬೇಕು ಎಂಬ ನಿಯಮ) ಸೇವ್ ಆಗದೆ ಹೋದಾಗಲೇ ವಿಷಯ ಹೊರಬಿದ್ದಿದ್ದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಲಾಗ್ ನಿಂತಿದ್ದ ಹೊತ್ತಿನಲ್ಲಿ ಯಾರಾದರೂ ಒಳನುಗ್ಗಿದ್ದರೂ ತೋರಿಸಲು ನಮ್ಮ ಹತ್ತಿರ ಒಂದು ಸಾಲೂ ಇಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ನೀವು ಮಾಡಬೇಕಾದ್ದು ಇಷ್ಟು. 1.3.6.1.2.1.25.2.3 (ಎಸ್‌ಎನ್‌ಎಂಪಿಯಲ್ಲಿ ಸ್ಟೋರೇಜ್ ಪಟ್ಟಿಯ ನಂಬರ್) ಮೇಲೆ ಎಸ್‌ಎನ್‌ಎಂಪಿವಾಕ್ ಕಮಾಂಡ್ ಓಡಿಸಿ, ಅದು ಪಟ್ಟಿಯನ್ನು ಪೂರ್ತಿ ಓದಿ ತೋರಿಸುತ್ತದೆ. ಡಿಸ್ಕ್ ಜೊತೆಗೆ ರ‍್ಯಾಮ್, ಸ್ವಾಪ್ ಎಲ್ಲ ಅದೇ ಪಟ್ಟಿಯಲ್ಲಿ ಬರುತ್ತವೆ. ಫೈರ್‌ವಾಲ್ ಒಳಗೆ ಹೋಗಲು ಬಿಟ್ಟರೆ ಡಿಸ್ಕಿನಲ್ಲಿ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಕೊಟ್ಟು ಒಂದೊಂದೇ ಸಾಲು ತಾಳೆ ನೋಡಿ. ಸಾಲಿನ ಇಂಡೆಕ್ಸ್ ನಂಬರ್ ಹಿಡಿದು ಗ್ರಾಫ್ ಕಟ್ಟಬೇಡಿ, ರೀಬೂಟ್ ಅಥವಾ ಅಪ್‌ಗ್ರೇಡ್ ಆದಮೇಲೆ ಅದು ಬದಲಾಗಬಹುದು. ಪಾರ್ಟಿಷನ್ ಹೆಸರು ಹಿಡಿದು ಕಟ್ಟಿ. ಇದರ ಬದಲು 1.3.6.1.4.1.2021.9 ನಂಬರಿನ ಡಿಸ್ಕ್ ಟೇಬಲ್ ನೆಚ್ಚಿಕೊಂಡವರಿಗೆ ಇನ್ನೊಂದು ಮಾತು: ನೆಟ್-ಎಸ್‌ಎನ್‌ಎಂಪಿ ಸಾಫ್ಟ್‌ವೇರಿನ ಕಾನ್ಫಿಗ್ ಫೈಲಿನಲ್ಲಿ ಡಿಸ್ಕ್ ಹೆಸರನ್ನಾಗಲಿ ಎಲ್ಲ ಡಿಸ್ಕ್ ಸೇರಿಸುವ ಸಾಲನ್ನಾಗಲಿ ಬರೆಯದಿದ್ದರೆ ಆ ಟೇಬಲ್ ಖಾಲಿಯೇ ಇರುತ್ತದೆ. ಡೇಟಾ ಬರದಿದ್ದರೂ ಅಲಾರಂ ಹೊಡೆಯುವಂತೆ ಇಡಿ.

ಅಲಾರಂ ಮಿತಿಯನ್ನು ಶೇಕಡಾ 95ಕ್ಕೆ ಇಡುವವರಿದ್ದಾರೆ, ಅದು ಬಹಳ ತಡ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಸಾಮಾನ್ಯವಾಗಿ ಶೇಕಡಾ 5 ಜಾಗವನ್ನು ರೂಟ್‌ಗೆ, ಅಂದರೆ ಸಿಸ್ಟಂ ಅಡ್ಮಿನ್ ಖಾತೆಗೆ, ಮೀಸಲಿಡುತ್ತದೆ. ರೂಟ್ ಅಲ್ಲದ ಪ್ರೋಗ್ರಾಂಗೆ ಜಾಗ ಮುಗಿದು ಡಿಎಫ್ 100 ಅನ್ನುವ ಹೊತ್ತಿಗೆ ಎಸ್‌ಎನ್‌ಎಂಪಿ ಲೆಕ್ಕ ಇನ್ನೂ 95ರ ಹತ್ತಿರ ಇರುತ್ತದೆ. 80ಕ್ಕೆ ಎಚ್ಚರಿಕೆ, 90ಕ್ಕೆ ಫೋನ್ ಬರಲಿ.

ಅಲಾರಂ ಬರುತ್ತದೆ ಅಂತ ಸೆಟಪ್ ಮಾಡಿದವರು ಹೇಳಿದರೆ ಒಪ್ಪಿಕೊಳ್ಳಬೇಡಿ. ಆಫೀಸ್ ಮುಗಿದ ಮೇಲೆ ಅವರನ್ನೇ ಕೂರಿಸಿ, ಲಾಗ್ ಪಾರ್ಟಿಷನ್‌ನಲ್ಲಿ 80 ದಾಟುವಷ್ಟು ದೊಡ್ಡದೊಂದು ಡಮ್ಮಿ ಫೈಲ್ ಮಾಡಿಸಿ. ಮೊಬೈಲಿಗೆ ಮೆಸೇಜ್ ಬಂದಮೇಲೆ ಫೈಲ್ ಅಳಿಸಿಸಿ, ಆಮೇಲೆ ಬಿಲ್ಲಿಗೆ ಸಹಿ ಹಾಕಿ.