ಹೆರಾಲ್ಡ್ ಸ್ಟೀರಿಂಗಿಗೆ ರಬ್ಬರ್, ಅಲ್ಯೂಮಿನಿಯಂ, ಪಾಲಿಯುರೆಥೇನ್: ಮೂರನ್ನೂ ಹಾಕಿ ನೋಡಿದೆ

ಸ್ಟೀರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವುದು ರ‍್ಯಾಕ್, ಕೊಳವೆಯೊಳಗೆ ಅಡ್ಡಕ್ಕೆ ಓಡುವ ಒಂದು ಸರಳು. ಅದನ್ನು ಚಾಸಿಗೆ, ಅಂದರೆ ಕಾರಿನ ಅಡಿಯ ಚೌಕಟ್ಟಿಗೆ, ಹಿಡಿದಿಡುವ ಬುಷ್‌ಗಳ ಮಾತು ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್. ಅಲ್ಯೂಮಿನಿಯಂ ಬ್ಲಾಕ್ ಮಾಡಿಸಲು ಹೊರಟವರು ಮುಂಗಡ ಕೊಡುವ ಮೊದಲು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ನನ್ನದು 1966ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮನೆ ಧಾರವಾಡದಲ್ಲಿ. ಭಾನುವಾರ ಬೆಳಿಗ್ಗೆ ಉಣಕಲ್ ಕೆರೆಯವರೆಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಗದಗಿನ ಅಕ್ಕನ ಮನೆಗೆ ಹೋಗುತ್ತೇನೆ. ಮದ್ರಾಸಿನಲ್ಲಿ ತಯಾರಾದ ಈ ಕಾರನ್ನು ಸ್ಪೋರ್ಟ್ಸ್ ಕಾರು ಎಂದು ಯಾರೂ ಕರೆಯುವುದಿಲ್ಲ. ಆದರೆ 1962ರ ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ. ಎರಡರ ಮೈಕಟ್ಟೂ ಇಟಲಿಯ ಮಿಕೆಲೊಟ್ಟಿ ಅವರದು. ಹಾಗಾಗಿ ಸ್ಪಿಟ್‌ಫೈರ್ ಇಟ್ಟುಕೊಂಡವರು ಸ್ಟೀರಿಂಗ್ ಬಿಗಿ ಮಾಡಲು ಏನೇನು ಮಾಡುತ್ತಾರೋ ಅದರಲ್ಲಿ ಬಹುಪಾಲು ನಮಗೂ ಒದಗುತ್ತದೆ.

ನನ್ನ ಕಾರಿನ ತೊಂದರೆ ಇದು: ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ತಡೆದು ತಿರುಗುತ್ತಿತ್ತು. ಹೆರಾಲ್ಡಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಟೈರಿನ ಮೇಲೆಯೇ ಕುಳಿತು ನೋಡಬಹುದು. ಮಗಳನ್ನು ಸ್ಟೀರಿಂಗಿನ ಮುಂದೆ ಕೂರಿಸಿ ಎಡಕ್ಕೂ ಬಲಕ್ಕೂ ತಿರುಗಿಸು ಎಂದೆ. ಚಕ್ರ ಅಲುಗುವ ಮೊದಲು ಇಡೀ ರ‍್ಯಾಕ್ ಬೆರಳಿನ ದಪ್ಪದಷ್ಟು ಅಡ್ಡಕ್ಕೆ ಸರಿಯುತ್ತಿತ್ತು. ರ‍್ಯಾಕನ್ನು ಚಾಸಿಗೆ ಹಿಡಿದಿಡುವ ಎರಡು ರಬ್ಬರ್ ಬುಷ್‌ಗಳು ಎಂಜಿನ್ನಿನ ಮುಂಭಾಗದಿಂದ ಜಿನುಗಿದ ಎಣ್ಣೆ ಕುಡಿದು ಹಲ್ವದಂತಾಗಿದ್ದವು.

ಮೊದಲು ಹೊಸ ರಬ್ಬರನ್ನೇ ಹಾಕಿದೆ. ಕಡಿಮೆ ಖರ್ಚು, ಕೈಗೆ ಹಿತ. ಆದರೆ ಎಣ್ಣೆ ಜಿನುಗುವುದು ನಿಲ್ಲುವವರೆಗೆ ಅದರ ಆಯುಷ್ಯ ಇಷ್ಟೇ. ಒಂದೂವರೆ ವರ್ಷದಲ್ಲಿ ಮತ್ತೆ ಅದೇ ಹಲ್ವ.

ಆಗ ಅಲ್ಯೂಮಿನಿಯಂ ತಲೆಗೆ ಹೊಕ್ಕಿತು. ರೇಸಿಗೆ ಇಳಿಯುವವರು ಬಳಸುವುದು ಅದನ್ನೇ. ನಮ್ಮ ಹುಬ್ಬಳ್ಳಿಯಲ್ಲಿ ಲೇಥಿಗೇನು ಬರವೇ? ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಶೆಡ್ಡಿನಲ್ಲಿ ಹಳೆಯ ಬುಷ್ ಮಾದರಿ ಕೊಟ್ಟು 1,800 ರೂಪಾಯಿಗೆ ಎರಡು ಜೋಡಿ ಬ್ಲಾಕ್ ಕೊರೆಸಿದೆ. ಕನ್ನಡಿಯಂಥ ಕೆಲಸ. ಹಾಕಿದ ಮೊದಲ ಹತ್ತು ನಿಮಿಷ ನನಗೆ ಬೇರೆ ಕಾರೇ ಸಿಕ್ಕಂತಾಯಿತು. ಬೆರಳು ಅಲುಗಿದರೆ ಮೂತಿ ಅಲುಗುತ್ತಿತ್ತು.

ನವನಗರ ದಾಟುವಷ್ಟರಲ್ಲಿ ತಕರಾರು ಶುರುವಾಯಿತು. ತಿರುವು ಮುಗಿಸಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರಲಿಲ್ಲ. ನಟ್ಟನಡುವಿನ ಜಾಗದಲ್ಲಿ ಏನೋ ಹಿಡಿದಂತೆ ನಿಲ್ಲುತ್ತಿತ್ತು, ನಾನು ದೂಡಿದರೆ ಮುಂದೆ ಹೋಗುತ್ತಿತ್ತು. ನೇರ ರಸ್ತೆಯಲ್ಲಿ ಸಹ ಎಡಕ್ಕಿಷ್ಟು ಬಲಕ್ಕಿಷ್ಟು ಸರಿಪಡಿಸುತ್ತಲೇ ಇರಬೇಕು.

ರ‍್ಯಾಕಿಗೆ ಗ್ರೀಸ್ ತುಂಬಿದೆ. ಮೇಲಿನ ಬಾಲ್ ಜಾಯಿಂಟ್ ಬದಲಿಸಿದೆ. ಚಕ್ರ ತಿರುಗಲು ಆಧಾರವಾದ ಕೆಳಗಿನ ಥ್ರೆಡ್ಡಿನ ಕೀಲು, ಟ್ರನಿಯನ್‌ಗೆ ಗೇರ್ ಎಣ್ಣೆ ಹಾಕಿದೆ (ಅಲ್ಲಿಗೆ ಗ್ರೀಸ್ ಹಾಕಲೇಬಾರದು, ಥ್ರೆಡ್ಡಿನ ಒಳಗೆ ತುಕ್ಕು ಹಿಡಿದು ಒಂದು ದಿನ ಚಕ್ರವೇ ಮಡಚಿಕೊಳ್ಳುತ್ತದೆ). ಮೂರು ಭಾನುವಾರ ಇದರಲ್ಲೇ ಹೋದವು. ಸ್ಟೀರಿಂಗ್ ಮಾತ್ರ ಹಾಗೆಯೇ ಹಿಡಿಯುತ್ತಿತ್ತು. ಕೊನೆಗೆ ಬ್ಲಾಕುಗಳನ್ನು ಬಿಚ್ಚಿಕೊಂಡು ಲೇಥಿನವರ ಹತ್ತಿರ ಹೋದೆ. ಅವರು ಮೈಕ್ರೋಮೀಟರ್ ಹಿಡಿದು ನಾಲ್ಕೂ ತುಂಡುಗಳನ್ನು ನನ್ನೆದುರೇ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. “ಬ್ಲಾಕ್ ಸರಿಯಾಗಿವೆ ನೋಡಿರಿ. ನಿಮ್ಮ ಚಾಸಿಯನ್ನೇ ಒಮ್ಮೆ ಅಳೆಯಿರಿ” ಎಂದರು.

ಮನೆಗೆ ಬಂದು ಮತ್ತೆ ಜೋಡಿಸಿ ಎಡಬದಿಯ ಯು-ಬೋಲ್ಟ್ ಮಾತ್ರ ಸಡಿಲಿಸಿದೆ. ರ‍್ಯಾಕಿನ ಆ ತುದಿ ತಟ್ಟನೆ ಮೇಲಕ್ಕೆದ್ದಿತು. ಕೆಳಗಿನ ಸಂದಿಗೆ ಫೀಲರ್ ಗೇಜ್ ತೂರಿಸಿದರೆ 0.8 ಮಿಲಿಮೀಟರ್. ರ‍್ಯಾಕ್ ಕೂರುವ ಚಾಸಿಯ ಎರಡು ತಟ್ಟೆಗಳು ಒಂದೇ ಮಟ್ಟದಲ್ಲಿರಲಿಲ್ಲ. ನನಗಿಂತ ಹಿಂದಿನ ಯಾವ ಯಜಮಾನರ ಕಾಲದ ಪೆಟ್ಟೋ ಏನೋ. ಇಷ್ಟು ವರ್ಷ ರಬ್ಬರ್ ಆ ವ್ಯತ್ಯಾಸವನ್ನು ತನ್ನೊಳಗೆ ನುಂಗಿಕೊಂಡಿತ್ತು. ಅಲ್ಯೂಮಿನಿಯಂ ನುಂಗಲಿಲ್ಲ, ಯು-ಬೋಲ್ಟ್ ಬಿಗಿದಂತೆ ರ‍್ಯಾಕಿನ ಕೊಳವೆಯನ್ನೇ ಬಾಗಿಸಿತು. ಒಳಗಿನ ಸರಳು ಬಾಗಿದ ಕೊಳವೆಯಲ್ಲಿ ಹೇಗೆ ಸರಾಗವಾಗಿ ಓಡೀತು?

ಆ ಸಂದಿ ತುಂಬಲು ತಗಡಿನ ಶಿಮ್ ಕತ್ತರಿಸಿ ಇಟ್ಟರೆ ಸ್ಟೀರಿಂಗ್ ಹಿಡಿಯುವುದು ನಿಂತಿತು. ಆದರೂ ಗದಗ ರಸ್ತೆಯ ಪ್ರತಿಯೊಂದು ಕಲ್ಲೂ ಮಣಿಕಟ್ಟಿಗೆ ಬಡಿಯುತ್ತಿತ್ತು. ಅಕ್ಕನ ಮನೆ ತಲುಪಿ ಚಹಾದ ಬಟ್ಟಲು ಹಿಡಿದಾಗ ಬೆರಳುಗಳು ಇನ್ನೂ ಜುಮುಗುಡುತ್ತಿದ್ದವು. ಆ ಸಂಜೆಯೇ ಪಾಲಿಯುರೆಥೇನ್ ಬುಷ್ ತರಿಸಲು ಫೋನ್ ಮಾಡಿದೆ.

ಸಾಗಣೆ ಸೇರಿ 3,400 ರೂಪಾಯಿ ಬಿದ್ದಿತು. ಎಣ್ಣೆ ಇದನ್ನು ರಬ್ಬರಿನಂತೆ ಕರಗಿಸುವುದಿಲ್ಲ. ಅಲ್ಯೂಮಿನಿಯಂ ಕೊಟ್ಟ ಚುರುಕಿನಲ್ಲಿ ಸ್ವಲ್ಪ ಕಳೆದುಕೊಂಡೆ, ನಿಜ. ಆದರೆ ರ‍್ಯಾಕ್ ಅಡ್ಡಕ್ಕೆ ಸರಿಯುವುದು ಕಣ್ಣಿಗೆ ಕಾಣುವುದಿಲ್ಲ, ನಡುವಿನ ಹಿಡಿತ ಇಲ್ಲ, ಕೈಗೆ ಜುಮು ಇಲ್ಲ. ಹಾಕುವಾಗ ಸಿಲಿಕಾನ್ ಗ್ರೀಸ್ ಸವರದಿದ್ದರೆ ಕಿರುಗುಟ್ಟುತ್ತದೆ, ಅಷ್ಟೇ. ಜೋಡಿಸಿದ ಮೇಲೆ ಹಾರ್ನ್ ಸತ್ತುಹೋದರೆ ಗಾಬರಿಯಾಗಬೇಡಿ: ಸ್ಟೀರಿಂಗ್ ಕಾಲಮ್ಮಿನ ಕೆಳಗಿನ ರಬ್ಬರ್ ಕಪ್ಲಿಂಗಿನ ಮೇಲೆ ಹಾಯುವ ಸಣ್ಣ ಅರ್ಥ್ ತಂತಿಯನ್ನು ಮರೆತಿರುತ್ತೀರಿ.

ಇನ್ನು ಅಲೈನ್‌ಮೆಂಟ್. ಇಲ್ಲಿ ಸ್ಪರ್ಧೆ ಕಂಪ್ಯೂಟರಿಗೂ ಗೌಂಡಿಗಳ ನೈಲಾನ್ ದಾರಕ್ಕೂ. ನಾನು ದಾರದ ಪಕ್ಷ. ಒಂದು ಅಂಗಡಿಯಲ್ಲಿ 500 ರೂಪಾಯಿ ಕೊಟ್ಟು ಕಂಪ್ಯೂಟರಿನಲ್ಲಿ ಮಾಡಿಸಿದ್ದೆ. ಅವರ ಪಟ್ಟಿಯಲ್ಲಿ ಹೆರಾಲ್ಡ್ ಇರಲಿಲ್ಲ, ಬೇರೊಂದು ಸಣ್ಣ ಕಾರಿನ ಹೆಸರು ಒತ್ತಿದರು. ಪರದೆಯೆಲ್ಲ ಹಸಿರಾಯಿತು. ಹೊರಗೆ ಬಂದರೆ ಸ್ಟೀರಿಂಗಿನ ಕಡ್ಡಿಗಳು ಓರೆ. ಹುಡುಗ ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡುಗಳಲ್ಲಿ ಎಡಗಡೆಯದನ್ನು ಮಾತ್ರ ತಿರುಗಿಸಿ ಒಟ್ಟು ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಮುಖವಾಗಿರುವ ಅಳತೆ) ಸರಿ ಮಾಡಿದ್ದ.

ಮನೆಯಲ್ಲಿ ನಾನು ಮೊದಲು ಮಾಡುವುದು ರ‍್ಯಾಕಿನ ನಡುವನ್ನು ಹುಡುಕುವುದು. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ ಅರ್ಧಕ್ಕೆ ನಿಲ್ಲಿಸುತ್ತೇನೆ. ಎರಡೂ ಟೈ ರಾಡುಗಳಲ್ಲಿ ಹೊರಗೆ ಕಾಣುವ ಥ್ರೆಡ್ಡುಗಳನ್ನು ಸಮ ಮಾಡುತ್ತೇನೆ. ಮುಂದಿನ ಚಕ್ರಗಳ ಕೆಳಗೆ ನಡುವೆ ಗ್ರೀಸ್ ಸವರಿದ ಎರಡೆರಡು ಗೊಬ್ಬರದ ಚೀಲ ಹಾಸುತ್ತೇನೆ, ಚಕ್ರ ಸಲೀಸಾಗಿ ತಿರುಗುತ್ತದೆ. ಜನ ಕುಳಿತಷ್ಟು ಭಾರ ಬೀಳಲೆಂದು ಮುಂದಿನ ಎರಡೂ ಸೀಟಿನ ಮೇಲೆ ಜೋಳದ ಚೀಲ. ಆಮೇಲೆ ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ದಾರ ಕಟ್ಟಿ, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಸ್ಟೀಲ್ ಪಟ್ಟಿಯಿಂದ ಅಳೆಯುತ್ತೇನೆ. ಎರಡೂ ಚಕ್ರ ಸೇರಿ ಒಂದೂವರೆ ಮಿಲಿಮೀಟರ್ ಒಳಮುಖ ಇಟ್ಟುಕೊಂಡಿದ್ದೇನೆ.

ಒಂದು ಮಾತು ನೆನಪಿರಲಿ. ಜಾಕ್ ಇಳಿಸಿದ ಕೂಡಲೇ ಅಳೆಯಬೇಡಿ. ಹೆರಾಲ್ಡಿನ ಹಿಂದಿನ ಚಕ್ರಗಳು ಜಾಕಿನಿಂದ ಇಳಿದಾಗ ಬುಡ ಒಳಕ್ಕೆ ಮಡಚಿಕೊಂಡು, ಬಾಲ ಎತ್ತಿಕೊಂಡು ನಿಂತಿರುತ್ತವೆ. ಕಾರನ್ನು ಐದಾರು ಗಜ ಹಿಂದೆ ಮುಂದೆ ದೂಡಿ ಕುಳ್ಳಿರಿಸಿದ ಮೇಲೆಯೇ ಅಳತೆ.

ಹೊಸ ಚಾಸಿಯಂತೆ ನೇರವಿರುವ ಕಾರು, ನುಣ್ಣನೆಯ ರಸ್ತೆ, ತಿರುವಿನಲ್ಲಿ ವೇಗದ ಹುಚ್ಚು ಮೂರೂ ಇದ್ದರೆ ಅಲ್ಯೂಮಿನಿಯಂ ಹಾಕಿರಿ. ಕಾರು ವರ್ಷದಲ್ಲಿ ನಾಲ್ಕು ಸಲ ಹೊರಗೆ ಬರುವುದಾದರೆ, ಎಣ್ಣೆ ಜಿನುಗದಿದ್ದರೆ, ರಬ್ಬರ್ ಸಾಕು. ನನ್ನಂತೆ ವಾರ ವಾರ ಓಡಿಸುವವರಿಗೆ 3,400 ಹೆಚ್ಚಲ್ಲ. ಅಲ್ಯೂಮಿನಿಯಂ ಬ್ಲಾಕುಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಧಾರವಾಡದ ಸುತ್ತಮುತ್ತ ಯಾರದಾದರೂ ಹೆರಾಲ್ಡ್ ಇದ್ದರೆ, ಮೊದಲು ಚಾಸಿಯ ತಟ್ಟೆಗಳನ್ನು ಅಳೆದುಕೊಂಡು ಬರಲಿ, ಕೊಟ್ಟುಬಿಡುತ್ತೇನೆ.