ಹುಡುಗಿಯರ ಅಳತೆಯ ಬ್ಯಾಟ್ ಇಟ್ಟಿರುವ ಅಂಗಡಿ

ದಾವಣಗೆರೆಯಲ್ಲಿ ಹೆಣ್ಣುಮಕ್ಕಳಿಗೆ ಲೆದರ್ ಬಾಲ್ ಕ್ರಿಕೆಟ್ ಸಾಮಾನು ಬೇಕಿದ್ದರೆ ಜಯದೇವ ವೃತ್ತದ ಬಳಿಯ ಒಳರಸ್ತೆಯಲ್ಲಿರುವ ಈ ಕ್ರೀಡಾ ಸಾಮಗ್ರಿ ಅಂಗಡಿಗೆ ಧೈರ್ಯವಾಗಿ ಹೋಗಿ. ನನ್ನ ಮೊಮ್ಮಗಳು ಎಡಗೈ ಆಟಗಾರ್ತಿ. ಬೇರೊಂದು ಕಡೆ ದೊಡ್ಡವರ ಬ್ಯಾಟನ್ನೇ ಮುಂದಿಟ್ಟು, ‘ಬೆಳೆಯುವ ಹುಡುಗಿ, ನಡೆಯುತ್ತದೆ’ ಎಂದಿದ್ದರು. ನಡೆಯುವುದಿಲ್ಲ. ಬ್ಯಾಟ್ ಭಾರವಾದರೆ ಮಕ್ಕಳು ಹಿಡಿಯ ಕೆಳಭಾಗದಲ್ಲಿರುವ ಕೈಯಿಂದಲೇ ಎತ್ತುತ್ತಾರೆ, ನೇರ ಹೊಡೆತ ಕೆಟ್ಟುಹೋಗುತ್ತದೆ. ದೈಹಿಕ ಶಿಕ್ಷಕಿಯಾಗಿ ಮೈದಾನದಲ್ಲೇ ಕೂದಲು ನರೆಸಿಕೊಂಡವಳ ಮಾತಿದು.

ಇಲ್ಲಿನ ಮಾಲೀಕರು ಮೊದಲು ಅವಳ ಎತ್ತರ ನೋಡಿದರು. ಮಕ್ಕಳ 6ನೇ ಅಳತೆಯ, ಕಾಶ್ಮೀರದ ವಿಲ್ಲೋ ಮರದ ಬ್ಯಾಟ್ ಕೊಟ್ಟು, “ಮೇಲಿನ ಕೈ ಒಂದರಲ್ಲೇ ಎತ್ತಮ್ಮ” ಎಂದರು. ಸಲೀಸಾಗಿ ಎತ್ತಿದಳು. ಎಡಗೈಯವರ ಗ್ಲೌಸ್ ಕಪಾಟಿನಲ್ಲೇ ಇತ್ತು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಮಹಿಳಾ ಕ್ರಿಕೆಟ್‌ನ ಚೆಂಡು. ಗಂಡಸರ ಚೆಂಡು 156ರಿಂದ 163 ಗ್ರಾಂ ತೂಗಿದರೆ ಇದು 140ರಿಂದ 151 ಗ್ರಾಂ. ಪಂದ್ಯದಲ್ಲಿ ಹಿಡಿಯುವ ಚೆಂಡಿನಲ್ಲೇ ಅಭ್ಯಾಸವೂ ಆಗಬೇಕು.

ಬಿಲ್ ಬರೆಯುತ್ತಾ ಮಾತು ಶಾಂತಾ ರಂಗಸ್ವಾಮಿಯವರತ್ತ ಹೊರಳಿತು. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದಾಗ ನಾಯಕಿ ನಮ್ಮ ಕರ್ನಾಟಕದ ಈ ಆಟಗಾರ್ತಿಯೇ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು. ಮರುವರ್ಷ ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ ಶಾಂತಾ ಅವರ 108 ರನ್. ಟೆಸ್ಟ್‌ನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಶತಕ ಅದು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ. ಬ್ಯಾಟು, ಪ್ಯಾಡುಗಳನ್ನು ಹಂಚಿಕೊಂಡು, ಕಾಯ್ದಿರಿಸದ ರೈಲು ಬೋಗಿಯಲ್ಲಿ ಊರೂರು ಸುತ್ತಿ ಆಡಿದ ತಲೆಮಾರು. ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದರೆ ಮಾಲೀಕರು ಪೆನ್ನು ಕೆಳಗಿಟ್ಟು ಕೇಳಿದರು. ಆ ತಲೆಮಾರು ಅಷ್ಟೆಲ್ಲ ಸಹಿಸಿದ ಮೇಲೂ ಇಂದಿನ ಹುಡುಗಿಗೆ ‘ಹೇಗೋ ಹೊಂದಿಸಿಕೋ’ ಎನ್ನುವ ಅಂಗಡಿಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಕೊರತೆಗಳೂ ಇವೆ. ಚಿಕ್ಕ ಪ್ಯಾಡಿನ ಪಟ್ಟಿಗಳು ಉದ್ದವಾಗಿದ್ದವು, ಕತ್ತರಿಸಿಕೊಡಲು ಕೇಳಬೇಕಾಯಿತು. ಹುಡುಗಿಯರ ಪ್ಯಾಂಟ್ ಇಲ್ಲ, ತರಿಸಬೇಕು. ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಸವರಿ ಮರದ ಸುತ್ತಿಗೆಯಿಂದ ಬಡಿದು ಹದ ಮಾಡಿಕೊಡುತ್ತಾರೆ, ಅದಕ್ಕೆ ಬೇರೆ ಹಣ. ಕೆಲಸ ಅಚ್ಚುಕಟ್ಟಾಗಿರುವುದರಿಂದ ಕೊಡಬಹುದು. ಸಂಜೆ ವಿಪರೀತ ಜನ, ಬ್ಯಾಟ್ ಬೀಸಲು ಜಾಗವಿರುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ.